ಕಾಫಿಮನೆಯಲ್ಲಿ ತಿಪ್ಪಕ್ಕನ ಸೋಬಾನೆ

ಹಿರಿಯೂರು
ಭಾನುವಾರ ಬೆಳಿಗ್ಗೆ

ಅವ್ವನಿಗೆ ನಿನ್ನ ಸುಷ್ಮಿತಾ ಮಾಡುವ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಫೋನು ಬಿಟ್ಟು ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು "ಕುರಿ ಬಿಟ್ಟು ಎಲ್ಲಿಗೆ ಬರ್ಲೇ" ಅಂತೀಯ, ನಾನು "ಸರಿ ಬಿಡವ್ವ" ಅಂತೀನಿ, ಅಲ್ಲಿಗೆ ಮುಗಿಯುತ್ತದೆ. ನಿನ್ನ ಜೊತೆಗಾತಿ ತಿಪ್ಪಕ್ಕ ಮಧ್ಯಾಹ್ನದ ಬಸ್ಸಿಗೆ ಜವನಗೊಂಡನಹಳ್ಳಿಗೆ ವಾಪಸ್ ಹೊರಟಿದ್ದಾಳೆ, ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಮಗು ಅವಳ ತೊಡೆಯ ಮೇಲಿದೆ. ಅದಕ್ಕೇ ನನಗೆ ಎರಡು ಕೈ ಸಿಕ್ಕಿವೆ.

ನಿನ್ನೆ ನಮ್ಮ ಕಾಫಿಮನೆಯಲ್ಲಿ ಅವಳ ಹಾಡು ಇತ್ತು. ನಿನಗೆ ಹೇಳಿದ್ದೆನಲ್ಲ, ಹಳೇ ಬೀಜದಂಗಡಿಗೆ ಸುಣ್ಣ ಬಳಿದು ನಾವೇ ಕೆಲವರು ಸೇರಿ ನಡೆಸುವ ಜಾಗ. ಸಂಬಳದವರು ಯಾರೂ ಇಲ್ಲ. ಸರದಿಯ ಮೇಲೆ ಡಿಕಾಕ್ಷನ್ ಇಳಿಸುತ್ತೇವೆ, ಲೋಟ ತೊಳೆಯುತ್ತೇವೆ. ಶನಿವಾರ ಸಂಜೆ ಯಾರಾದರೂ ಬಂದು ಹಾಡುತ್ತಾರೆ. ಜೋಡಿಯಾಗಿ ಹಾಡುವವರೆಂದು ನಿಮ್ಮಿಬ್ಬರನ್ನೂ ಕರೆದಿದ್ದೆವು. ನೀನು "ಹಸೆ ಇಲ್ಲ, ಹೆಣ್ಣಿಲ್ಲ, ಗಂಡಿಲ್ಲ, ಕಾಫಿ ಕುಡಿಯೋರ ಮುಂದೆ ಯಾತರ ಸೋಬಾನೆ" ಎಂದು ಬರಲಿಲ್ಲ. ತಿಪ್ಪಕ್ಕ ಒಬ್ಬಳೇ ಬಂದಳು.

ಒಂದು ಸೊಲ್ಲು ಹೇಳಿ ಉಸಿರೆಳೆದುಕೊಳ್ಳಲು ನಿಲ್ಲಿಸಿದಳು. ಅಲ್ಲಿ ನೀನು ಎತ್ತಿಕೊಳ್ಳಬೇಕು. ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದು ಹಾಗೇ. ನಿನ್ನೆ ಎತ್ತಿಕೊಳ್ಳುವವರು ಯಾರೂ ಇರಲಿಲ್ಲ. ಹಾಡು ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ತಿಪ್ಪಕ್ಕ ತಬ್ಬಿಬ್ಬಾದಳು. ಮುಂದಿನ ಸೊಲ್ಲಿಗೂ ಚಪ್ಪಾಳೆ. ಆಮೇಲಿನದಕ್ಕೂ. ಆಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ತಡ್ಕಳ್ರಪ್ಪಾ, ಹೆಣ್ಣು ಇನ್ನೂ ಹಸೆಗೇ ಬಂದಿಲ್ಲ, ಆಗ್ಲೇ ಅಟ್ತೀರಲ್ಲ" ಅಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ತನ್ನ ಚೀಲ ಹತ್ತಿರಕ್ಕೆ ಎಳೆದುಕೊಂಡಳು, ಹೊರಡುವವಳ ಹಾಗೆ.

ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಒಲೆಯ ಹತ್ತಿರ ನಿಂತಿದ್ದೆ. ಅಲ್ಲಿಂದಲೇ ಸೊಲ್ಲು ಎತ್ತಿಕೊಂಡೆ. ದನಿ ಒಡೆದು ಹೋಗಿತ್ತು. ಆದರೂ ತಿಪ್ಪಕ್ಕ ತಿರುಗಿ ನೋಡಿ, ಚೀಲ ಬಿಟ್ಟು, ಮುಂದಿನದನ್ನು ಹೇಳಿದಳು. ಹಾಗೇ ಕೊನೆಯವರೆಗೂ ಇಬ್ಬರೂ ಹಾಡಿದೆವು.

ಬರುವ ಶನಿವಾರವೂ ಹಾಡಬೇಕೆಂದು ಕೇಳಿದ್ದಾರೆ. "ಕೆಂಚಕ್ಕ ಬಂದ್ರೆ ಹಾಡ್ತೀನಿ, ಇಲ್ದಿದ್ರೆ ಈ ಬಾಯಿಗೆ ಬೀಗ" ಎಂದು ನಿನ್ನ ಹೆಸರು ಹಿಡಿದೇ ಹೇಳಿಬಿಟ್ಟಿದ್ದಾಳೆ ತಿಪ್ಪಕ್ಕ. ನಿನ್ನ ಹಸೆಯ ಮಾತು ತಿಳಿಸಿದ್ದಕ್ಕೆ ನಮ್ಮ ಜೊತೆಯ ಮಂಜಣ್ಣ, "ಹಸೆ ಬರೆಸಾಣ ಬಿಡಕ್ಕ, ಪಾಪಣ್ಣನ್ನ ಕುಂಡ್ರಿಸಾಣ, ಅವನಿಗೂ ಮದುವೆ ಆಗಿಲ್ಲ" ಅಂದರು. ಲೋಟ ತೊಳೆಯುತ್ತಿದ್ದ ಪಾಪಣ್ಣ, "ಮೊದ್ಲು ಹೆಣ್ಣು ಹುಡುಕ್ರಿ, ಹಸೆ ನಾನೇ ಬರ್ಕಂತೀನಿ" ಅಂದ.

ಬಾ ಅವ್ವ. ಮೂರು ತಿಂಗಳು ಬಾಣಂತನ ಮಾಡಿ ಕಳಿಸಿದವಳನ್ನು ಮತ್ತೆ ಕರೆಯಲು ನಾಚಿಕೆ, ಆದರೆ ಇದು ತಿಪ್ಪಕ್ಕನಿಗಾಗಿ. ಕುರಿಗಳನ್ನು ತಮ್ಮ ಗಿರೀಶ ನೋಡಿಕೊಳ್ಳಲಿ. ನನ್ನದೇನೂ ತೊಂದರೆ ಇಲ್ಲ. ಮಗು ಮಲಗಿದಾಗ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿರುತ್ತೇನೆ, ಅಷ್ಟೆ. "ಹಿಂಗೇ ಅದರ ಉಸಿರು ನೋಡ್ತಾ ಕುಂತ್ರೆ ನಿನ್ನುಸಿರು ನೋಡೋರ್ಯಾರೇ" ಎಂದು ನಿನ್ನ ಅಳಿಯ ಬೈಯುತ್ತಾರೆ. ಅವರು ಮಲಗಿದ ಮೇಲೆ ಅವರ ಉಸಿರನ್ನೂ ನೋಡುತ್ತೇನೆ.

ನಿನ್ನ ಮಗಳು
ಸುಷ್ಮಿತಾ

ತಾ.ಕ.: ಬರೆದದ್ದನ್ನು ತಿಪ್ಪಕ್ಕನಿಗೆ ಓದಿ ಹೇಳಿದೆ. "ಅವ್ವಂಗೆ ಸುಳ್ಳು ಬರೀತೀಯೇನೇ? ನಾನು ಒಯ್ಯಲ್ಲ" ಎಂದು ಮುಖ ತಿರುಗಿಸಿದಳು. ಕೊನೆಯವರೆಗೂ ನಾನು ಹಾಡಲಿಲ್ಲ ಅವ್ವ. ಮಗು ನಿದ್ದೆ ಹೋಯಿತು, ಗೋಡೆಗೆ ಒರಗಿ ಕೂತೆ, ಅರ್ಧ ಸೊಲ್ಲಿನಲ್ಲೇ ನನಗೂ ನಿದ್ದೆ. ತಿಪ್ಪಕ್ಕ ಬಂದು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, ದನಿ ತಗ್ಗಿಸಿ, ಇಬ್ಬರ ಸೊಲ್ಲನ್ನೂ ತಾನೇ ಹೇಳಿ ಮುಗಿಸಿದಳಂತೆ. ನನಗೆ ಎಚ್ಚರವಾದಾಗ ಜನ ಹೋಗಿ ಕಾಫಿಮನೆ ಖಾಲಿ, ಮಗು ತಿಪ್ಪಕ್ಕನ ತೊಡೆಯ ಮೇಲೆ, ನನ್ನ ಮೇಲೆ ಯಾರದೋ ಟವೆಲ್ಲು. ಊರಿಂದ ಬಂದ ಮೇಲೆ ನಾನು ಸರಿಯಾಗಿ ಮಲಗಿದ್ದು ಅದೊಂದೇ ಸಲ.

ಹಾಡು ಇರುವುದು ಶನಿವಾರ. ನೀನು ನಾಳೆಯೇ ಬಾ.