ಕುಚ್ಚಿನ ಎಳೆ

ನವೆಂಬರ್ 12, ಬೆಳಿಗ್ಗೆ 9.30. ಚನ್ನಗಿರಿ

ಟಿಫಿನ್ ಬಾಕ್ಸ್ ಮತ್ತೆ ಮರೆತು ಹೋದರು. ಮೂರನೇ ಸಲ! ಅಡುಗೆ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದೆ, ಪಾಪ. ಮದುವೆಯಾಗಿ ಇಪ್ಪತ್ತೆರಡು ದಿನ. ಈ ಬಾಡಿಗೆ ಮನೆ, ಸೋರುವ ನಲ್ಲಿ, ಪಕ್ಕದ ಮನೆಯ ಕೋಳಿ... ಎಲ್ಲ ಎಷ್ಟು ಚೆಂದ!

ಇಷ್ಟು ವರ್ಷ ಡೈರಿ ಇಂಗ್ಲಿಷಿನಲ್ಲೇ ಬರೆದವಳು. ಆದರೆ ವಿನಯ್ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೆ ಯಾರೋ ಬೇರೆಯವರ ಗಂಡನ ಬಗ್ಗೆ ಬರೆದ ಹಾಗಿರುತ್ತದೆ.

ನವೆಂಬರ್ 14, ಮಧ್ಯಾಹ್ನ

ರಜೆ. ಅವರ ಕೆಲಸ ಏನೆಂದು ಇವತ್ತು ಡೆಮೊ ಕೊಟ್ಟರು. ಸೇನೆಗೆ ಹೋಗುವ ಬಟ್ಟೆ, ಕಂಬಳಿ ಪರೀಕ್ಷಿಸುವ ಇನ್‌ಸ್ಪೆಕ್ಟರ್. ಗಡಿಯಲ್ಲಿ ಯುದ್ಧ ಶುರುವಾದ ಮೇಲೆ ಕೈತುಂಬ ಕೆಲಸ. ನಾನು ಆನ್‌ಲೈನಿನಲ್ಲಿ ಕೊಂಡ ಶಾಲಿನ ಒಂದೆಳೆ ಕಿತ್ತು ಬೆಂಕಿಕಡ್ಡಿ ಹಿಡಿದರು. ಕರಗಿ ಕರಿಮಣಿಯಂತೆ ಗಟ್ಟಿಯಾಯಿತು.

"ನೋಡ್ರಿ ಮೇಡಂ, ನಿಮ್ಮ ಪ್ಯೂರ್ ವುಲ್. ಬರೀ ಪ್ಲಾಸ್ಟಿಕ್ಕು. ಬೆಂಕಿ ತಾಕಿದ್ರೆ ಮೈಗೆ ಅಂಟ್ಕೊಂತೈತೆ."

ಆಮೇಲೆ ಕಂಬಳಿ ವ್ಯಾಪಾರಿ ನಮ್ಮ ಅಪ್ಪಾಜಿ ಮದುವೆಗೆ ಕೊಟ್ಟ ಜಗಳೂರು ಕಂಬಳಿ. ಕುಚ್ಚಿನಿಂದ ಒಂದೆಳೆ. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಬೂದಿ.

"ಅಸಲಿ ಉಣ್ಣೆ. ಮಾವ ಮೋಸ ಮಾಡಿಲ್ಲ ಬಿಡು."

"ಸೇನೆ ಕಂಬಳಿಗೂ ಕುಚ್ಚಿಂದನೇನಾ? ನಡುವಿಂದ ಯಾಕೆ ಕೀಳಲ್ಲ?"

"ತೂತು ಬೀಳ್ತೈತಲ್ಲ. ಪಾಪ, ಯಾರೋ ಹುಡುಗ ಹೊದಿಯೋದು. ಕುಚ್ಚಿಂದು ಒಂದೆಳೆ ಸಾಕು."

ಯಾರೋ ಹುಡುಗ ಹೊದೆಯೋದು!! ಇಂಥವರನ್ನು ಎಲ್ಲಿಂದ ಹುಡುಕಿ ತಂದರು ನಮ್ಮ ತವರಿನವರು.

ಸಂಜೆ 5

ಅಪ್ಪಾಜಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹೆಮ್ಮೆ ತಡೆಯಲಾಗಲಿಲ್ಲ.

"ಕುಚ್ಚಿಂದ ಅಷ್ಟೇನಾ ಕೀಳೋದು?"

"ಹೂಂ ಅಪ್ಪಾಜಿ. ಕಂಬಳಿ ಹಾಳಾಗ್ಬಾರ್ದು ಅಂತ."

"ಭಾಳ ಒಳ್ಳೆ ಮನುಷ್ಯ ಪುಟ್ಟಿ ನಿನ್ನ ಗಂಡ" ಅಂದರು. ಅವರೂ ಸೇನೆಗೆ ಕಂಬಳಿ ಕೊಡುತ್ತಿದ್ದಾರಂತೆ. ಕಾಗದದಲ್ಲಿ ಹೆಸರು ಮಾತ್ರ ಇಲ್ಲಿನ ಕಂಟ್ರಾಕ್ಟರದು. ಅಳಿಯನಿಗೆ ಹೇಳಬೇಡ, ಮುಜುಗರ ಪಡುತ್ತಾನೆ ಅಂದರು. ಯುದ್ಧ ಮುಗಿದ ಮೇಲೆ ಸರ್‌ಪ್ರೈಸ್ ಕೊಡುತ್ತೇನೆ — ನೀವು ಪಾಸ್ ಅಂತ ಸೀಲ್ ಹೊಡೆದದ್ದು ಮಾವನ ಕಂಬಳಿಗೆ!

ನವೆಂಬರ್ 30

ಬರೆಯಲು ಪುರುಸೊತ್ತಿಲ್ಲ. ಅಪ್ಪಾಜಿಯ ಮೊದಲ ಲಾರಿ ಪಾಸಾಗಿ ಹೋಯಿತು, ಐನೂರು ಕಂಬಳಿ. ವಿನಯ್ ದಣಿದು ಕೂತಲ್ಲೇ ನಿದ್ದೆ ಹೋಗುತ್ತಾರೆ.

ಅಪ್ಪಾಜಿ ಜುಮಕಿ ಕಳಿಸಿದ್ದಾರೆ. ಇದ್ದಕ್ಕಿದ್ದಂತೆ ಯಾಕೆ ಅಂದರೆ, "ಯುದ್ಧ ಅಂದ್ರೆ ಕಂಬಳಿ ಸೀಸನ್ನು ಕಣವ್ವಾ" ಅಂತ ನಕ್ಕರು. ನಾನೂ ನಕ್ಕೆ.

ಡಿಸೆಂಬರ್ 6, ಬೆಳಿಗ್ಗೆ 11. ಜಗಳೂರು

ತವರು! ಅಮ್ಮ ರೊಟ್ಟಿ ಬಡಿಯುತ್ತಿದ್ದಾಳೆ. ಮಗ್ಗದ ಚೌಡಮ್ಮ ನನ್ನನ್ನು ನೋಡಲು ಬಂದಿದ್ದಳು. ನಾನು ಹುಟ್ಟುವ ಮೊದಲಿಂದ ನಮಗೆ ಕಂಬಳಿ ನೇಯುವವಳು. ಮಗ ತಿಪ್ಪೇಶ್ ಸೈನ್ಯದಲ್ಲಿದ್ದಾನೆ, ಅಲ್ಲೇ, ಹಿಮದಲ್ಲಿ.

ಹಿತ್ತಿಲಿಗೆ ಕರೆದು ಪಿಸುಗುಟ್ಟಿದಳು. "ಹೇಮವ್ವಾ, ನಿಮ್ಮ ಯಜಮಾನ್ರು ದೊಡ್ಡ ಆಫೀಸರಂತೆ. ಈ ಸಲದ ಲೋಡಿನಾಗೆ ಒಂದು ಕಂಬಳಿ ಮೂಲೆಗೆ ಕೆಂಪು ದಾರದ ಗಂಟು ಹಾಕೀನಿ. ಅದು ನಮ್ಮ ತಿಪ್ಪೇಶಂಗೇ ಹೋಗಂಗೆ ಮಾಡ್ರಿ."

ಐದು ನೂರರಲ್ಲಿ ಒಂದು, ಅವನಿಗೇ! ನಗು ಬಂತು. "ಅದೇ ಯಾಕೆ ಚೌಡಮ್ಮ? ಎಲ್ಲ ಒಂದೇ ಅಲ್ವಾ?"

"ಅದೊಂದೇ ಪೂರ್ತಿ ಉಣ್ಣೆದು. ನಮ್ಮ ಕುರಿದು. ಉಳಿದವಕ್ಕೆ ಉದ್ದದ ಎಳೆ ಮಾತ್ರ ಉಣ್ಣೆ, ಕುಚ್ಚಿಗೆ ಬರಾದು ಅದೇ ಅಲ್ಲೇನು. ಅಡ್ಡಕ್ಕೆಲ್ಲ ಹಳೇ ಸ್ವೆಟರಿನ ಪ್ಲಾಸ್ಟಿಕ್ ನೂಲು. ಹೋದ ತಿಂಗಳು ನಿಮ್ಮಪ್ಪಾರೇ ಹೇಳಿದ್ರು, ಹಿಂಗೆ ನೇಯ್ರಿ ಅಂತ."

ಹೋದ ತಿಂಗಳು.

12.30

ಅಪ್ಪಾಜಿಯ ಅಂಗಡಿಯಲ್ಲಿ ಆ ಲೋಡಿನ ಒಂದು ಕಂಬಳಿ ತೆಗೆದು ನಡುವಿನಿಂದ ಅಡ್ಡದ ಎಳೆ ಕಿತ್ತೆ. ದೇವರ ಮನೆಯ ಬೆಂಕಿಪೊಟ್ಟಣ. ಕರಗಿತು. ಕರಿಮಣಿ.

3 ಗಂಟೆ

ಅಂಗೈಯಲ್ಲಿ ಆ ಮಣಿ ಇಟ್ಟು ತೋರಿಸಿದೆ. ಅಪ್ಪಾಜಿ ಊಟ ನಿಲ್ಲಿಸಲಿಲ್ಲ.

"ಎಲ್ರೂ ಮಾಡ್ತಾರೆ. ಉಣ್ಣೆ ಎಲ್ಲೈತೆ ಅಷ್ಟೊಂದು? ಏನೂ ಇಲ್ಲದಕ್ಕಿಂತ ಇದು ವಾಸಿ."

"ಬೆಂಕಿ ತಾಕಿದ್ರೆ ಮೈಗೆ ಅಂಟುತ್ತೆ ಅಪ್ಪಾಜಿ. ಅಲ್ಲಿ ಬೆಂಕಿ ಮುಂದೇನೇ ಮಲಗೋದು ಅವರು."

"ಸೋಮವಾರ ಲಾರಿ ಹೊರಡುತ್ತೆ, ಮುಗೀತು. ನೀನು ಬಾಯಿ ಬಿಟ್ರೆ ನಾನು ಜೈಲಿಗೆ. ನಿನ್ನ ಗಂಡ? ಮಾವ ಅಳಿಯ ಸೇರ್ಕೊಂಡಿದ್ರು ಅಂತಾರೆ. ಕುಚ್ಚಿನ ಗುಟ್ಟು ಹೇಳಿದ್ದು ಯಾರು, ನೀನೇ ಅಲ್ವಾ? ಯೋಚ್ನೆ ಮಾಡು ಪುಟ್ಟಿ."

ಪುಟ್ಟಿ ಅಂತಲೇ ಕರೆದರು. ಅದೇ ದನಿಯಲ್ಲಿ.

ಡಿಸೆಂಬರ್ 7, ಭಾನುವಾರ. ಚನ್ನಗಿರಿ

ಬಸ್ಸಿನುದ್ದಕ್ಕೂ ಹೇಳುವ ಮಾತು ಜೋಡಿಸಿದೆ. ಅವರು ಸ್ಟ್ಯಾಂಡಿಗೇ ಬಂದಿದ್ದರು, ಕೈಯಲ್ಲಿ ಮಲ್ಲಿಗೆ. ಒಂದು ಮಾತೂ ನೆನಪಿಗೆ ಬರಲಿಲ್ಲ. ಮನೆಗೆ ಬಂದು ಎಳೆ ಕೊಟ್ಟೆ, ಕಡ್ಡಿ ಕೊಟ್ಟೆ. ಸುಟ್ಟು ನೋಡಿದರು. ಆಮೇಲೆ ಎಲ್ಲ ಹೇಳಿದೆ. ಫೋನಿನಲ್ಲಿ ಜಂಬ ಕೊಚ್ಚಿದ್ದನ್ನೂ.

ಬೈಯಲಿಲ್ಲ. "ಮೊದಲನೇ ಲಾರಿ ಹೋಗೇಬಿಡ್ತಲ್ಲ ಹೇಮಾ" ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 8

ವಿನಯ್ ಲಾರಿ ನಿಲ್ಲಿಸಿದರು. ಗೋಡೌನಿನಲ್ಲಿ ಒಂದೊಂದೇ ಕಂಬಳಿಯ ನಡುವಿನಿಂದ ಎಳೆ ಕಿತ್ತರಂತೆ. ರಿಪೋರ್ಟಿನಲ್ಲಿ ಮೊದಲ ಸಾಲು ತಮ್ಮದೇ ತಪ್ಪು: ಕುಚ್ಚಿನಿಂದ ಮಾತ್ರ ಪರೀಕ್ಷಿಸಿದೆ. ಎರಡನೇ ಸಾಲು: ಸರಬರಾಜು ಮಾಡಿದವರು ನನ್ನ ಮಾವ ಮರುಳಪ್ಪ. ತಾವೇ ಬರೆದರು.

ಮೊದಲ ಲಾರಿಯದನ್ನು ವಾಪಸ್ ಕೇಳಿದರೆ, ಹಂಚಿ ಆಗಿದೆ ಅಂದರಂತೆ ಸೇನೆಯವರು. ಯಾವ ಬೆಟ್ಟ, ಯಾವ ಬಂಕರು, ಹುಡುಕುತ್ತೇವೆ ಅಂದರಂತೆ.

ಕೆಂಪು ಗಂಟಿನದೂ ಸಿಕ್ಕಿತು. ಅದರ ನಡುವಿನ ಎಳೆಯೊಂದೇ ಬೂದಿಯಾಯಿತು. ಸಾಕ್ಷಿ ಅಂತ ಅದಕ್ಕೂ ಸೀಲು.

ಡಿಸೆಂಬರ್ 15

ಪೊಲೀಸರು ಅಪ್ಪಾಜಿಯನ್ನು ಕರೆದುಕೊಂಡು ಹೋದರು. ವಿನಯ್ ಸಸ್ಪೆಂಡ್, ವಿಚಾರಣೆ ಮುಗಿಯುವವರೆಗೆ. ಅಮ್ಮ ಫೋನ್ ಮಾಡಿ, "ಸಂಕ್ರಾಂತಿಗೆ ಬರಬ್ಯಾಡ" ಅಂದಳು. ಅತ್ತಳು. ಫೋನ್ ಇಟ್ಟಳು.

ಟಿಫಿನ್ ಬಾಕ್ಸ್ ತೊಳೆದು ಮೇಲಿನ ಶೆಲ್ಫಿನಲ್ಲಿಟ್ಟೆ. ಈಗ ಮರೆಯುವವರು ಮನೆಯಲ್ಲೇ ಇದ್ದಾರೆ.

ಡಿಸೆಂಬರ್ 19, ಬೆಳಿಗ್ಗೆ 10

ಚೌಡಮ್ಮ ಮೊದಲ ಬಸ್ಸಿಗೆ ಬಂದಳು. ಅಲ್ಲಿ ಮಗ್ಗಗಳೆಲ್ಲ ನಿಂತಿವೆ. ಅದರ ಮಾತೇ ಎತ್ತಲಿಲ್ಲ.

"ಕೆಂಪು ಗಂಟಿಂದು ಒಂದಾದ್ರೂ ಬಿಡಿಸಿ ಕೊಡ್ರವ್ವಾ. ಬೇಕಾದ್ರೆ ಇನ್ನೊಂದು ಸಲ ಸುಟ್ಟು ನೋಡ್ಲಿ. ತಿಪ್ಪೇಶನ ಫೋನು ಬಂದು ಎಂಟು ದಿನ ಆತು."

ಸೀಲು ಬಿದ್ದದ್ದು ಬಿಡಿಸಲು ಆಗದು ಎಂದು ಹೇಗೆ ಹೇಳುವುದು. ಒಳಗೆ ಹೋಗಿ ನನ್ನ ಮದುವೆ ಕಂಬಳಿ ತಂದೆ. "ಇದನ್ನ ಅವನಿಗೆ ಕಳ್ಸೋಣ ಚೌಡಮ್ಮ. ಇದರಲ್ಲಿ ಮೋಸ ಇಲ್ಲ."

ಕೈಯಾಡಿಸಿ ನೋಡಿದಳು.

"ನಂಗೊತ್ತಿಲ್ಲೇನು, ನಾನೇ ನೇಯ್ದಿದ್ದು. ಒಂದು ವಾರ ನಿಮ್ಮಪ್ಪಾರು ಮಗ್ಗದ ಪಕ್ಕನೇ ಕುಂತಿದ್ರು. ನನ್ನ ಮಗಳು ಹೊದಿಯೋದು ಚೌಡಿ, ಒಂದೆಳೆನೂ ಬ್ಯಾರೆ ಸೇರಬಾರದು ಅಂತ."

ವಿನಯ್ ತಾವೇ ಪಾರ್ಸಲ್ ಹೊಲಿದರು. ವಿಳಾಸ ನೀನೇ ಬರಿ, ನಿನ್ನ ಅಕ್ಷರ ಚೆಂದ ಅಂದರು. ಬರೆದೆ. ತಿಪ್ಪೇಶನ ನಂಬರು, ರೆಜಿಮೆಂಟು, ಎಲ್ಲ. ಕೆಳಗೆ ಕಳಿಸುವವರು ಅನ್ನುವ ಜಾಗ ಉಳಿಯಿತು. ಚೌಡಮ್ಮ ಕಾಯುತ್ತಿದ್ದಾಳೆ. ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿ.

ಕಳಿಸುವವರು: ಹೇಮಾವತಿ, ಜಗಳೂರು ಮರುಳಪ್ಪನವರ ಮಗ…