ಸೋತ ಪಂದ್ಯದ ವಿಡಿಯೊ

ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿಗಳಿಗೆ ನಮಸ್ಕಾರ.

ನಮ್ಮ ಯಜಮಾನರು ಗೆದ್ದ ಹನ್ನೊಂದು ಪಂದ್ಯಗಳ ವಿಡಿಯೊಗಳು ತಲುಪಿದವು. ಕ್ಲಬ್ಬಿನ ಮುಂದೆ ಅವರ ಪ್ರತಿಮೆ ನಿಲ್ಲಿಸುತ್ತೀರೆಂದು ತಿಳಿದು ಸಂತೋಷವಾಯಿತು. ಲಕ್ವ ಹೊಡೆದು ಅವರ ಮಾತು, ಕೈಕಾಲು, ಕತ್ತು ಎಲ್ಲವೂ ಬಿದ್ದುಹೋಗಿವೆ. ಕಣ್ಣು ಕಿವಿಯನ್ನು ಮಾತ್ರ ದೇವರು ಉಳಿಸಿದ್ದಾನೆ. ಗೆದ್ದದ್ದನ್ನು ನೋಡಿ ದಿನವಿಡೀ ಹಿಗ್ಗುತ್ತಾರೆ.

ಸೋತ ಪಂದ್ಯದ್ದನ್ನೂ ದಯವಿಟ್ಟು ಕಳಿಸಿಕೊಡಿ. ಕೊನೆಯ ಕುಳಿ ಎರಡೇ ಅಡಿ ದೂರವಿದ್ದಾಗ ಚೆಂಡು ತಪ್ಪಿತಲ್ಲ, ಅದು. ಆಗ ಜನರ ನಡುವೆ ನನ್ನ ಕಂಕುಳಲ್ಲಿ ಅತ್ತವಳು ಏಳು ತಿಂಗಳ ನಮ್ಮ ಮಗಳು. "ಆ ಶನಿಯ ಬಾಯಿ ಮುಚ್ಚಿಸೇ!" ಎಂದು ಇವರು ಎಲ್ಲರೆದುರು ಕೂಗಿದರು. ಆಮೇಲೆ ಒಂದು ದಿನವೂ ಅವಳನ್ನು ಎತ್ತಿಕೊಳ್ಳಲಿಲ್ಲ. ಒಂಬತ್ತನೆಯ ವರ್ಷದಲ್ಲಿ ಜ್ವರ ಬಂದು, "ಅಪ್ಪ ಬಂದ್ರಾ ಅಮ್ಮಾ?" ಎನ್ನುತ್ತಲೇ ಹೋದಳು. ಇವರು ಪಕ್ಕದ ಕೋಣೆಯಲ್ಲಿ ಆಟದ ಕೋಲು ಒರೆಸುತ್ತ ಕೂತಿದ್ದರು.

ಅವಳ ದನಿ ಉಳಿದಿರುವುದು ಆ ವಿಡಿಯೊದಲ್ಲಿ ಮಾತ್ರ. ಅಳುವನ್ನು ತೆಗೆಯಬೇಡಿ, ತಗ್ಗಿಸಲೂ ಬೇಡಿ. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಅವರ ಮುಂದೆ ಹಾಕುತ್ತೇನೆ. ಕಣ್ಣು ಬೇಕಾದರೆ ಮುಚ್ಚಿಕೊಳ್ಳಲಿ. ಕಿವಿ ಮುಚ್ಚಿಕೊಳ್ಳಲು ಕೈ ಬೇಕು.

ಭಗವಂತ ನಿಮ್ಮ ಮಕ್ಕಳನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿಮ್ಮ ಚಾಂಪಿಯನ್ನರ ಹೆಂಡತಿ