ಅರವತ್ತೆಂಟರ ಬಸಿರು ಮತ್ತು ಔಷಧಿ ಅಂಗಡಿಯ ಆತ್ಮಸಾಕ್ಷಿ

ರಾಜ್ಯ ಔಷಧ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಮ್ಮೂರು ಕಾರ್ವರ್ ಫೋರ್ಕಿನ ಏಕೈಕ ಔಷಧಿ ಅಂಗಡಿಯವರು ವೈದ್ಯರ ಚೀಟಿಯನ್ನು ಆತ್ಮಸಾಕ್ಷಿಯ ಹೆಸರಿನಲ್ಲಿ ಹಿಂದಿರುಗಿಸಿದ್ದರಿಂದ ನನ್ನ ಚಿಕ್ಕಮ್ಮ ಆರ್ಡಿತ್ ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಂಡು ಮಲಗಿದ್ದಾಳೆ. ಊರಿನವರ ಪ್ರಕಾರ ಬಸುರಿಯೂ ಆಗಿದ್ದಾಳೆ. ಮೊದಲನೆಯದು ಮಾತ್ರ ನಿಜ.

ಚಿಕ್ಕಮ್ಮ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಬೆರಳುಗಳಿಗೆ ಸಂಧಿವಾತ. ನೋವಿನ ಮಾತ್ರೆ ಹೊಟ್ಟೆಯನ್ನು ಸುಡುತ್ತದೆಂದು ವೈದ್ಯರು ಹೊಟ್ಟೆ ಕಾಯಲು ಇನ್ನೊಂದು ಮಾತ್ರೆ ಬರೆದುಕೊಟ್ಟರು. ಅದೇ ಮಾತ್ರೆ ಗರ್ಭಪಾತಕ್ಕೂ ಬಳಕೆಯಾಗುತ್ತದಂತೆ. ಚೀಟಿ ನೋಡಿದ ಅಂಗಡಿಯ ಲೋವೆಲ್ ಬೆವರಿದ.

"ಅಮ್ಮಾ, ಇದನ್ನ ಕೊಡೋಕೆ ನನ್ನ ಮನಸ್ಸು ಒಪ್ಪಲ್ಲ. ಗರ್ಭ ಇಳಿಸೋ ಮಾತ್ರೆ ಇದು."

"ನನಗೆ ಅರವತ್ತೆಂಟು ಕಣೋ! ಗರ್ಭಕೋಶ ತೆಗೆಸಿದಾಗ ನೀನಿನ್ನೂ ಜೊಲ್ಲು ಸುರಿಸ್ತಿದ್ದೆ."

"ದೇವರಿಗೆ ಆಗದ್ದು ಯಾವುದಮ್ಮಾ? ಬೈಬಲಿನ ಸಾರಾ ಮಗು ಹೆತ್ತಾಗ ತೊಂಬತ್ತಾಗಿತ್ತು."

"ಅವಳಿಗೆ ಗಂಡ ಅಬ್ರಹಾಮ ಇದ್ದನಪ್ಪ. ನನ್ನೋನು ಸಮಾಧಿ ಸೇರಿದಾನೆ. ಹೋಗಿ ಎಬ್ಬಿಸ್ಕೊಂಡು ಬಾ, ನೋಡೋಣ."

ಬರಿಗೈಯಲ್ಲಿ ಮನೆಗೆ ಬಂದಳು. ಲೋವೆಲ್ ಕೆಟ್ಟವನಲ್ಲ, ಪಾಪ. ಆಕೆಗಾಗಿ ಪ್ರಾರ್ಥನೆಯ ಸರಪಳಿಗೆ ಫೋನ್ ಮಾಡಿದ. ನಮ್ಮ ಚರ್ಚಿನ ಪದ್ಧತಿ ಅದು: ಕಷ್ಟದ ಸುದ್ದಿ ಒಬ್ಬರಿಂದ ಒಬ್ಬರಿಗೆ ಫೋನಿನಲ್ಲೇ ಸಾಗುತ್ತದೆ. ಅವನು ಹೆಸರು ಹೇಳಲಿಲ್ಲ. "ಹೊಟ್ಟೆಯ ವಿಷಯದಲ್ಲಿ ಸೈತಾನನ ಶೋಧನೆಗೆ ಸಿಕ್ಕ ಸೋದರಿ" ಎಂದಷ್ಟೇ ಅಂದ. ಗಲ್ಲಾದ ಮುಂದೆ ಚಿಕ್ಕಮ್ಮ ಕೂಗಾಡಿದ್ದನ್ನು ಕೇಳಿದವರು ಹೆಸರು ಸೇರಿಸಿದರು. ಮರುದಿನ ಬಾಗಿಲಿಗೆ ಬಸುರಿಗೆಂದು ಟ್ಯೂನಾ ಮೀನಿನ ನೂಡಲ್ಸ್ ತಟ್ಟೆಗಳು ಬಂದವು, ಹಿಂದೆಯೇ ಉಣ್ಣೆಯ ಪುಟ್ಟ ಕಾಲುಚೀಲಗಳು. ಪಾದ್ರಿಯ ಹೆಂಡತಿಯಂತೂ "ಅಪ್ಪ ಯಾರೇ ಇರ್ಲಿ, ಮಗು ದೇವರದ್ದು" ಎಂದು ಕೈ ಹಿಡಿದುಕೊಂಡರಂತೆ!

ಎಂಟನೇ ತರಗತಿಗೇ ಶಾಲೆ ಬಿಟ್ಟು, ಹಳೇ ಟ್ರ್ಯಾಕ್ಟರಿನ ಬಿಡಿಭಾಗ ಮಾರಿ ಬದುಕಿದವನು ನಾನು. ಸರಕು ಯಾವುದು, ಸಬೂಬು ಯಾವುದು ಎಂಬುದು ನನಗೆ ಗೊತ್ತು. ಮದುವೆಯೇ ಆಗದ ನಮ್ಮೂರಿನ ಹರಾಜುದಾರ ಗಂಡಸುತನದ ಆ ನೀಲಿ ಮಾತ್ರೆ ಕೇಳಿದಾಗ ಈ ಆತ್ಮಸಾಕ್ಷಿ ಮದುವೆಯ ಪ್ರಮಾಣಪತ್ರ ಕೇಳಿತೇ? ಅದೇ ಗಲ್ಲಾದ ಪಕ್ಕದಲ್ಲಿ ಅಗಿಯುವ ತಂಬಾಕು ಮಾರುವಾಗ ಅದು ಊಟಕ್ಕೆ ಹೋಗಿರುತ್ತದೆಯೇ? ವೈದ್ಯರಿಗೆ ಒಂದು ಫೋನ್ ಮಾಡಲು ಅದಕ್ಕೆ ಪುರುಸೊತ್ತಿಲ್ಲ, ಇಡೀ ಊರಿಗೆ ಮಾಡಲು ಇದೆ!

ಮುಂದಿನ ಔಷಧಿ ಅಂಗಡಿ ಇರುವುದು ಪಕ್ಕದ ಕೌಂಟಿಯಲ್ಲಿ. ದಾರಿ ತುಂಬ ಹಿಮ. "ಕಾರಿಗಾಗಿ ಯಾರನ್ನೂ ಬೇಡೋದಿಲ್ಲ" ಎಂದು ಹಟ ಹಿಡಿದ ಚಿಕ್ಕಮ್ಮ, ಬೆರಳು ಆಡಬೇಕಲ್ಲ ಎಂದು ಬರೀ ನೋವಿನ ಮಾತ್ರೆ ನುಂಗುತ್ತ ಹೋದಳು. ಭಾನುವಾರ ಎರಡನೇ ಕೀರ್ತನೆಯ ನಡುವೆ ರಕ್ತ ಕಾರಿ ಕುಸಿದಳು. ಎತ್ತಿಕೊಂಡು ಕಾರಿಗೆ ಓಡಿದವನು ಲೋವೆಲ್ಲೇ. ಅಳುತ್ತಿದ್ದ. "ನಾನು ಹೀಗಾಗ್ಲಿ ಅಂತ ಅಂದ್ಕೊಂಡಿರ್ಲಿಲ್ಲ ಎಮರಿ" ಅಂದ. ನಂಬುತ್ತೇನೆ. ಮಾತ್ರೆ ಕೊಡ್ತೀಯಾ ಈಗಲಾದರೂ ಅಂದೆ. ಕಣ್ಣೊರೆಸಿಕೊಂಡು ಕಾರಿನ ಬಾಗಿಲು ಹಾಕಿದ.

ಅವನ ಆತ್ಮಸಾಕ್ಷಿಯನ್ನು ಮುಟ್ಟುಗೋಲು ಹಾಕಿರೆಂದು ನಾನು ಕೇಳುತ್ತಿಲ್ಲ. ಅದು ಅವನದು, ಇಟ್ಟುಕೊಳ್ಳಲಿ. ಆದರೆ ನಿರಾಕರಿಸುವವನು ಮೊದಲು ಬರೆದ ವೈದ್ಯರೊಡನೆ ಮಾತಾಡಬೇಕು. ಆಮೇಲೂ ಕೈ ಬಾರದಿದ್ದರೆ, ಕೊಡಬಲ್ಲ ಇನ್ನೊಬ್ಬ ಔಷಧಗಾರನನ್ನು ಅದೇ ದಿನ ಅದೇ ಗಲ್ಲಾದಲ್ಲಿ ನಿಲ್ಲಿಸಬೇಕು. ಹೀಗೆಂದು ನಿಯಮ ಮಾಡಿ. ಚಿಕ್ಕಮ್ಮ ಗುರುವಾರ ಮನೆಗೆ ಬರುತ್ತಾಳೆ. ಆಸ್ಪತ್ರೆಯವರು ಅದೇ ಮಾತ್ರೆಯನ್ನು ಮತ್ತೆ ಬರೆದಿದ್ದಾರೆ. ಈ ಸಲ ನೀವು ಮೌನವಾಗಿದ್ದರೆ, ನಿರಾಕರಿಸಿದವರು ನೀವೇ.

ಇಂತಿ,
ಗುರುವಾರ ಲೋವೆಲ್ಲನ ಅಂಗಡಿಯಲ್ಲೇ ಸರದಿ ನಿಲ್ಲಬೇಕಾಗಿರುವ,
ಎಮರಿ ಸ್ಟೂಕೆಲ್